ಅಳಿಸಬಾರದ ಇಪ್ಪತ್ತು ಸಾಲುಗಳು

ಕೆಲವು ವರ್ಷಗಳ ಹಿಂದಿನ ಮಾತು. ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ಪರೀಕ್ಷೆ ನಡೆಯುತ್ತಿತ್ತು. ತಂಬೂರಿಯ ತಂತಿ ಮೀಟಿದಾಗ ಹೊಮ್ಮುವ ನಾದವನ್ನು ಧ್ವನಿಮುದ್ರಿಸಿಕೊಂಡು, ಅದರಲ್ಲಿ ಬೆರೆತಿರುವ ಆವೃತ್ತಿಗಳನ್ನು ಬಿಡಿಸಿ ತೋರಿಸುವ ತಂತ್ರಾಂಶವೊಂದನ್ನು ಆತ ಸಿದ್ಧಪಡಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಪರದೆಯ ಮೇಲೆ ಮೂಲಸ್ವರ, ಅದರ ಎರಡರಷ್ಟು, ಮೂರರಷ್ಟು ಆವೃತ್ತಿಗಳು ಸಾಲಾಗಿ ಎದ್ದು ನಿಂತಿದ್ದವು.

"ಇದರಲ್ಲಿ ಫೂರಿಯೇ ಪರಿವರ್ತನೆ ಮಾಡುವ ಭಾಗವನ್ನೂ ನೀನೇ ಬರೆದೆಯಾ?" ಎಂದು ಕೇಳಿದೆ.

"ಇಲ್ಲ ಸಾರ್, ಅಂತರಜಾಲದಿಂದ ಇಳಿಸಿಕೊಂಡೆ. ಓಪನ್ ಸೋರ್ಸ್ ಸಾರ್, ಫ್ರೀ."

"ಬರೆದವರು ಯಾರು?"

ಆತ ಸ್ವಲ್ಪ ತಡವರಿಸಿದ. "ಮೇಲ್ಗಡೆ ಇಪ್ಪತ್ತು ಸಾಲು ಇಂಗ್ಲಿಷಿನಲ್ಲಿ ಏನೋ ಇತ್ತು ಸಾರ್. ಪ್ರೋಗ್ರಾಮಿಗೆ ಬೇಕಾಗಿರಲಿಲ್ಲ. ಅಳಿಸಿಬಿಟ್ಟೆ."

ಆತ ಹೇಳಿದ್ದು ಒಂದರ್ಥದಲ್ಲಿ ನಿಜ. ಗಣಕಯಂತ್ರಕ್ಕೆ ಆ ಸಾಲುಗಳು ಬೇಕಿಲ್ಲ. ಅವು ಟಿಪ್ಪಣಿ ಸಾಲುಗಳು. ಅವನ್ನು ಗಣಕ ಓದದೆಯೇ ದಾಟಿ ಹೋಗುತ್ತದೆ. ಅವು ಇದ್ದರೂ ಅಳಿಸಿದರೂ ಉತ್ತರ ಒಂದೇ. ಆದರೆ ಆ ಕೋಡನ್ನು ಬಳಸಲು, ಬೇರೆಯವರಿಗೆ ಕೊಡಲು ಆತನಿಗೆ ಹಕ್ಕು ದೊರೆತದ್ದೇ ಆ ಇಪ್ಪತ್ತು ಸಾಲುಗಳಿಂದ. ಹೇಗೆ ಎಂಬುದನ್ನು ನೋಡೋಣ.

ಎಲ್ಲವನ್ನೂ ಒಬ್ಬರೇ ಬರೆಯುವುದಿಲ್ಲ

ಇಂದಿನ ಯಾವ ತಂತ್ರಾಂಶವನ್ನೂ ಒಬ್ಬ ವ್ಯಕ್ತಿ ಅಥವಾ ಒಂದು ಸಂಸ್ಥೆ ಮೊದಲಿನಿಂದ ಕೊನೆಯವರೆಗೆ ಬರೆಯುವುದಿಲ್ಲ. ಮನೆ ಕಟ್ಟುವವರು ಇಟ್ಟಿಗೆ ಸುಡಲು ಹೋಗುವುದಿಲ್ಲವಷ್ಟೆ. ದತ್ತಾಂಶವನ್ನು ಸಂಕುಚಿಸಬೇಕೆ? ಜೀನ್-ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ 1995ರಲ್ಲಿ ಬಿಡುಗಡೆ ಮಾಡಿದ ಜಡ್‌ಲಿಬ್ ಇದೆ. ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡಬೇಕೆ? ಎಸ್‌ಕ್ಯೂಲೈಟ್ ಇದೆ. ಫೂರಿಯೇ ಪರಿವರ್ತನೆ ಬೇಕೆ? ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಫ್‌ಎಫ್‌ಟಿಡಬ್ಲ್ಯೂ ಇದೆ. ಅದಕ್ಕಿಂತ ಪುಟ್ಟದಾದ ಕಿಸ್ ಎಫ್‌ಎಫ್‌ಟಿ ಇದೆ.

ಇಂಥ ಸಿದ್ಧ ಕೋಡನ್ನು ಎರಡು ರೀತಿಯಲ್ಲಿ ಬಳಸಬಹುದು. ಬಳಕೆದಾರನ ಗಣಕದಲ್ಲಿ ಅದು ಬೇರೆಯಾಗಿಯೇ ಇರಲಿ, ನಮ್ಮ ತಂತ್ರಾಂಶ ಬೇಕಾದಾಗ ಅದನ್ನು ಕರೆಯಲಿ ಎನ್ನುವುದು ಒಂದು ರೀತಿ. ಅದರ ಪ್ರತಿಯನ್ನೇ ನಮ್ಮ ಕಡತಗಳ ನಡುವೆ ಇರಿಸಿ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಹಂಚುವುದು ಇನ್ನೊಂದು. ಎರಡನೆಯದು ಸುಲಭ. ಬಳಕೆದಾರ ಬೇರೇನನ್ನೂ ಹುಡುಕಬೇಕಾಗಿಲ್ಲ. ಆದರೆ ಗಂಟು ಕಟ್ಟಿದ ಕ್ಷಣದಿಂದ ನಾವು ಬೇರೊಬ್ಬರ ಕೃತಿಯ ಪ್ರತಿಗಳನ್ನು ಹಂಚುವವರಾಗುತ್ತೇವೆ. ಹೊಣೆಗಾರಿಕೆ ಶುರುವಾಗುವುದು ಅಲ್ಲಿಂದ.

ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಬಗ್ಗೆ ಮಾಹಿತಿ ನೀಡುವ ಪುಟ ತೆರೆಯಿರಿ. ಅಲ್ಲಿ ಕಾನೂನು ಮಾಹಿತಿ, ಅದರೊಳಗೆ ಓಪನ್ ಸೋರ್ಸ್ ಪರವಾನಗಿಗಳು ಎಂಬ ಸಾಲು ಸಿಗುತ್ತದೆ. ಫೋನಿನಿಂದ ಫೋನಿಗೆ ಹೆಸರು ತುಸು ಬದಲಾಗಬಹುದು. ತೆರೆದರೆ ಬೆರಳು ನೋಯುವಷ್ಟು ಉದ್ದದ ಪಟ್ಟಿ ಕಾಣುತ್ತದೆ. ಫೈರ್‌ಫಾಕ್ಸ್ ಜಾಲದರ್ಶಕದಲ್ಲೂ ಹೀಗೊಂದು ಪರವಾನಗಿ ಪುಟವಿದೆ. ನಿಮ್ಮ ಕೈಯಲ್ಲಿರುವ ಯಂತ್ರಕ್ಕಾಗಿ ದುಡಿದವರ ಹೆಸರುಗಳು ಅಲ್ಲಿವೆ. ಅವರಲ್ಲಿ ಬಹುಪಾಲು ಜನ ನಿಮ್ಮಿಂದ ಒಂದು ಪೈಸೆಯನ್ನೂ ಕೇಳಿಲ್ಲ.

ಬಾಗಿಲು ಮೊದಲು ಮುಚ್ಚಿರುತ್ತದೆ

ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲ ಸಾರ್ವಜನಿಕ ಆಸ್ತಿ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ, ಕೆಲವೊಮ್ಮೆ ಅಧ್ಯಾಪಕರಲ್ಲೂ ಇದೆ. ಕಾನೂನು ಹೇಳುವುದು ಇದರ ವಿರುದ್ಧ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಣಕ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳ ಸಾಲಿಗೇ ಸೇರಿಸಲಾಗಿದೆ. ಕಾದಂಬರಿಗೆ ಇರುವ ರಕ್ಷಣೆಯೇ ಕೋಡಿಗೂ ಇದೆ. ಈ ಹಕ್ಕು ಪಡೆಯಲು ಅರ್ಜಿ ಹಾಕಬೇಕಿಲ್ಲ, ನೋಂದಾಯಿಸಬೇಕಿಲ್ಲ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಇದೇ ನಿಯಮ. ನಮ್ಮ ಕಾಯ್ದೆಯ 57ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ.

ಅಂದರೆ ಬಾಗಿಲು ಮೊದಲಿನಿಂದಲೂ ಮುಚ್ಚಿಯೇ ಇರುತ್ತದೆ. ಏನನ್ನೂ ಬರೆಯದೆ ಬರಿದೇ ಅಂತರಜಾಲಕ್ಕೆ ಏರಿಸಿದ ಕೋಡನ್ನು ಓದಬಹುದು, ಹಂಚುವಂತಿಲ್ಲ. ಬಾಗಿಲು ತೆರೆಯುವ ಕೀಲಿಯೇ ಪರವಾನಗಿ. ಕಡತದ ತಲೆಯ ಮೇಲಿನ ಆ ಇಪ್ಪತ್ತು ಸಾಲುಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ: ಬರೆದವರ ಹೆಸರು ಮತ್ತು ವರ್ಷ; ಬಳಸಲು, ತಿದ್ದಲು, ಹಂಚಲು ಕೊಟ್ಟ ಅನುಮತಿ ಮತ್ತು ಅದರ ಷರತ್ತು; ಕೊನೆಗೆ, ಇದರಿಂದ ನಷ್ಟವಾದರೆ ನಾನು ಹೊಣೆಯಲ್ಲ ಎಂಬ ಮಾತು. ನನ್ನ ವಿದ್ಯಾರ್ಥಿ ಅಳಿಸಿದ್ದು ಈ ಕೀಲಿಯನ್ನು.

ಒಂದೊಂದು ಪರವಾನಗಿಗೆ ಒಂದೊಂದು ಬೆಲೆ

ಮುಕ್ತ ಪರವಾನಗಿಗಳೆಲ್ಲ ಒಂದೇ ಬಗೆಯವಲ್ಲ. ಅವು ಕೇಳುವ ಬೆಲೆ ಬೇರೆ ಬೇರೆ.

ಎಂಐಟಿ ಮತ್ತು ಬಿಎಸ್‌ಡಿ ಪರವಾನಗಿಗಳು ಉದಾರವಾದವು. ಏನು ಬೇಕಾದರೂ ಮಾಡಿ, ಮಾರಾಟವನ್ನೂ ಮಾಡಿ. ಆದರೆ ನನ್ನ ಹೆಸರಿನ ಸಾಲು ಮತ್ತು ಈ ಅನುಮತಿಪತ್ರ ಪ್ರತಿಯೊಂದಿಗೆ ಹೋಗಬೇಕು, ಇಷ್ಟೇ ಅವುಗಳ ಮುಖ್ಯ ಬೇಡಿಕೆ. ಕಿಸ್ ಎಫ್‌ಎಫ್‌ಟಿ ಬಿಎಸ್‌ಡಿ ಬಗೆಯದು.

ಅಪಾಚೆ ಪರವಾನಗಿಯ 2004ರ ಎರಡನೆಯ ಆವೃತ್ತಿ ಇನ್ನೂ ಎರಡು ಮಾತು ಸೇರಿಸುತ್ತದೆ. ನೀವು ತಿದ್ದಿದ ಕಡತದಲ್ಲಿ ತಿದ್ದಿದ್ದೇನೆ ಎಂದು ಬರೆಯಬೇಕು. ಮೂಲದಲ್ಲಿ ನೋಟಿಸ್ ಎಂಬ ಹೆಸರಿನ ಕಡತವಿದ್ದರೆ ಅದರಲ್ಲಿನ ಉಲ್ಲೇಖಗಳನ್ನು ಮುಂದಕ್ಕೆ ದಾಟಿಸಬೇಕು.

ಜಡ್‌ಲಿಬ್‌ನ ಪರವಾನಗಿ ತುಂಬ ಸೌಜನ್ಯದ್ದು. ಉತ್ಪನ್ನದ ಕೈಪಿಡಿಯಲ್ಲಿ ನಮ್ಮನ್ನು ನೆನೆದರೆ ಸಂತೋಷ, ಆದರೆ ಕಡ್ಡಾಯವಲ್ಲ ಎನ್ನುತ್ತದೆ. ಕಡ್ಡಾಯವಾದದ್ದು ಬೇರೆ: ಮೂಲವನ್ನು ನೀವೇ ಬರೆದಿರೆಂದು ಹೇಳಿಕೊಳ್ಳಬಾರದು, ತಿದ್ದಿದ ಪ್ರತಿಯನ್ನು ಮೂಲದಂತೆ ತೋರಿಸಬಾರದು, ಆಕರ ಕಡತಗಳಿಂದ ಈ ಸೂಚನೆಯನ್ನು ತೆಗೆಯಬಾರದು.

ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜಿಪಿಎಲ್ ಪರವಾನಗಿಯ ಬೆಲೆ ಇನ್ನೂ ಹೆಚ್ಚು. ಇದರ ಮೊದಲ ಆವೃತ್ತಿ 1989ರದು, ಎರಡನೆಯದು 1991, ಮೂರನೆಯದು 2007. ಜಿಪಿಎಲ್ ಕೋಡನ್ನು ಸೇರಿಸಿಕೊಂಡ ತಂತ್ರಾಂಶವನ್ನು ಹಂಚುವಾಗ, ಇಡೀ ತಂತ್ರಾಂಶವನ್ನು ಜಿಪಿಎಲ್ ಅಡಿಯಲ್ಲೇ ಹಂಚಬೇಕು. ಅದರ ಆಕರ ಸಂಕೇತ, ಅಂದರೆ ಸೋರ್ಸ್ ಕೋಡ್, ಪಡೆದವರಿಗೆ ಸಿಗುವಂತಿರಬೇಕು. ಎಫ್‌ಎಫ್‌ಟಿಡಬ್ಲ್ಯೂ ಈ ಬಗೆಯದು. ನೋಡಿ, ಗಣಿತ ಒಂದೇ, ಮಾಡುವ ಕೆಲಸ ಒಂದೇ. ಆದರೂ ಕಿಸ್ ಎಫ್‌ಎಫ್‌ಟಿ ಬಳಸಿದವನಿಗೂ ಎಫ್‌ಎಫ್‌ಟಿಡಬ್ಲ್ಯೂ ಬಳಸಿದವನಿಗೂ ಇರುವ ಕರ್ತವ್ಯಗಳು ಬೇರೆ. ತಲೆಯ ಮೇಲಿನ ಸಾಲುಗಳನ್ನು ಅಳಿಸಿದವನಿಗೆ ತಾನು ಯಾವುದಕ್ಕೆ ಬದ್ಧ ಎಂಬುದೇ ತಿಳಿಯದು.

ಇಲ್ಲೊಂದು ಸಮಾಧಾನದ ಮಾತು. ಜಿಪಿಎಲ್‌ನ ಈ ಕರ್ತವ್ಯಗಳು ಹುಟ್ಟುವುದು ಬೇರೆಯವರಿಗೆ ಪ್ರತಿ ಕೊಟ್ಟಾಗ. ನಿಮ್ಮ ಪ್ರಯೋಗಾಲಯದ ಗಣಕದಲ್ಲಿ ನೀವೇ ಓಡಿಸಿ ಫಲಿತಾಂಶ ಪಡೆದರೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ.

ಹೆಸರು ಬೇರೆ, ಅನುಮತಿ ಬೇರೆ

ವಿಜ್ಞಾನದವರಾದ ನಮಗೆ ಆಕರ ಉಲ್ಲೇಖಿಸುವ ಅಭ್ಯಾಸವಿದೆ. ಹಾಗಾಗಿ ಹೆಸರು ಹಾಕಿದರೆ ಸಾಕಲ್ಲವೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಸಾಲದು.

ಭೌತವಿಜ್ಞಾನಿಗಳೆಲ್ಲ ಬಲ್ಲ ನ್ಯೂಮರಿಕಲ್ ರೆಸಿಪೀಸ್ ಪುಸ್ತಕವನ್ನು ತೆಗೆದುಕೊಳ್ಳಿ. 1986ರಲ್ಲಿ ಮೊದಲು ಪ್ರಕಟವಾದ ಈ ಗ್ರಂಥದಲ್ಲಿ ಗಣನೆಯ ವಿಧಾನಗಳ ಜೊತೆಗೆ ಸಿದ್ಧ ಕ್ರಮವಿಧಿಗಳೂ ಇವೆ. ಅವನ್ನು ಬೆರಳಚ್ಚಿಸಿಕೊಂಡು ಸ್ವಂತಕ್ಕೆ ಬಳಸಲು ಪುಸ್ತಕ ಕೊಂಡವರಿಗೆ ಅವಕಾಶವಿದೆ. ಅವುಗಳ ಆಕರ ಸಂಕೇತವನ್ನು ಇತರರಿಗೆ ಹಂಚಲು ಇಲ್ಲ. ಲೇಖಕರ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸಿದರೂ ಆ ಅನುಮತಿ ಬರುವುದಿಲ್ಲ. ಪುಸ್ತಕದಿಂದ ಕಲಿತ ವಿಧಾನವನ್ನು ನೀವೇ ಹೊಸದಾಗಿ ಬರೆದರೆ ಅಡ್ಡಿಯಿಲ್ಲ, ಏಕೆಂದರೆ ಕೃತಿಸ್ವಾಮ್ಯ ಇರುವುದು ಬರೆದ ರೂಪಕ್ಕೇ ಹೊರತು ವಿಚಾರಕ್ಕಲ್ಲ. ಇಂಥ ಕೆಲಸಗಳಿಗೆ ಮುಕ್ತವಾಗಿ ಹಂಚಬಹುದಾದ ಸಂಗ್ರಹವೂ ಇದೆ. ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿಗಳಾದ ಮಾರ್ಕ್ ಗಲಾಸಿ ಮತ್ತು ಜೇಮ್ಸ್ ಥೈಲರ್ 1996ರಲ್ಲಿ ಆರಂಭಿಸಿದ ಗ್ನೂ ಸೈಂಟಿಫಿಕ್ ಲೈಬ್ರರಿ ಅಂಥದು. ಅದರ ಪರವಾನಗಿ ಜಿಪಿಎಲ್.

ಇದರ ವಿರುದ್ಧ ತುದಿಯೂ ಇದೆ. ಎಸ್‌ಕ್ಯೂಲೈಟ್ ಕೋಡನ್ನು ಅದರ ಕರ್ತೃಗಳು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಅನುಮತಿಯೂ ಬೇಡ, ಹೆಸರು ಹಾಕಬೇಕೆಂಬ ಷರತ್ತೂ ಇಲ್ಲ. ಹಾಕುವುದು ನಮ್ಮ ಮರ್ಯಾದೆಗೆ ಬಿಟ್ಟದ್ದು. ಹೀಗೆ ಹೆಸರಿನ ಪ್ರಶ್ನೆ ಒಂದು, ಅನುಮತಿಯ ಪ್ರಶ್ನೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು.

ಆಟಿಕೆ ರೈಲು ನ್ಯಾಯಾಲಯಕ್ಕೆ ಬಂದದ್ದು

ದುಡ್ಡು ಕೇಳದೆ ಕೊಟ್ಟ ವಸ್ತುವಿಗೆ ಷರತ್ತು ಹಾಕಿದರೆ ಅದಕ್ಕೆ ಕಾನೂನಿನ ಬಲ ಇದೆಯೆ? ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಸಿದ್ದು ಒಬ್ಬ ಭೌತವಿಜ್ಞಾನಿ ಎಂಬುದು ನಮಗೆ ಆಸಕ್ತಿಯ ಸಂಗತಿ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದ ರಾಬರ್ಟ್ ಜೇಕಬ್‌ಸನ್ ಅವರಿಗೆ ಮಾದರಿ ರೈಲುಗಳ ಹವ್ಯಾಸ. ಈಗಿನ ಮಾದರಿ ರೈಲುಗಳ ಎಂಜಿನ್ನಿನಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ. ವೇಗ, ದೀಪ, ಸದ್ದು ಎಲ್ಲವನ್ನೂ ಅದರ ಮೂಲಕ ಹೊಂದಿಸಬಹುದು. ಒಬ್ಬೊಬ್ಬ ತಯಾರಕನ ಚಿಪ್ಪಿನಲ್ಲಿ ಒಂದೊಂದು ಬಗೆಯ ಹೊಂದಾಣಿಕೆ. ಜೇಕಬ್‌ಸನ್ ಮತ್ತು ಹಲವು ಸ್ವಯಂಸೇವಕರು ಕೂಡಿ ಇವೆಲ್ಲವನ್ನು ವಿವರಿಸುವ ಕಡತಗಳನ್ನು ಬರೆದು ಜೆಎಂಆರ್‌ಐ ಎಂಬ ಯೋಜನೆಯಡಿ ಉಚಿತವಾಗಿ ನೀಡುತ್ತಿದ್ದರು. ಅದಕ್ಕಿದ್ದದ್ದು ಆರ್ಟಿಸ್ಟಿಕ್ ಲೈಸೆನ್ಸ್ ಎಂಬ ಪರವಾನಗಿ. ಬರೆದವರ ಹೆಸರು ಮತ್ತು ಸ್ವಾಮ್ಯದ ಸೂಚನೆ ಉಳಿಸಬೇಕು, ಬದಲಾಯಿಸಿದರೆ ಏನು ಬದಲಾಯಿಸಿದೆ ಎಂದು ತಿಳಿಸಬೇಕು ಎಂಬುದು ಅದರ ಷರತ್ತು.

ಮಾದರಿ ರೈಲಿನ ತಂತ್ರಾಂಶ ಮಾರುತ್ತಿದ್ದ ಕಂಪನಿಯೊಂದರ ಉತ್ಪನ್ನದಲ್ಲಿ ಈ ಕಡತಗಳ ಭಾಗಗಳು ಕಾಣಿಸಿಕೊಂಡವು. ಲೇಖಕರ ಹೆಸರಿರಲಿಲ್ಲ, ಸ್ವಾಮ್ಯದ ಸೂಚನೆಯಿರಲಿಲ್ಲ, ಮೂಲ ಎಲ್ಲಿಯದು ಎಂಬ ಗುರುತೂ ಇರಲಿಲ್ಲ. 2006ರಲ್ಲಿ ಆರಂಭವಾದ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯ 2007ರಲ್ಲಿ ಜೇಕಬ್‌ಸನ್‌ಗೆ ತಡೆಯಾಜ್ಞೆ ನಿರಾಕರಿಸಿತು. ಪರವಾನಗಿ ಎಲ್ಲರಿಗೂ ಕೊಟ್ಟಾಗಿದೆ. ಷರತ್ತು ಮೀರಿದ್ದರೆ ಅದು ಹೆಚ್ಚೆಂದರೆ ಕರಾರಿನ ಉಲ್ಲಂಘನೆ, ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂಬುದು ಅದರ ನಿಲುವು. ಉಚಿತ ವಸ್ತುವಿನಲ್ಲಿ ಕರಾರು ಮುರಿದರೆ ಹಣದ ನಷ್ಟ ತೋರಿಸುವುದು ಹೇಗೆ? ಈ ನಿಲುವು ಗಟ್ಟಿಯಾಗಿದ್ದರೆ ಮುಕ್ತ ತಂತ್ರಾಂಶದ ಷರತ್ತುಗಳಿಗೆ ಹಲ್ಲೇ ಇರುತ್ತಿರಲಿಲ್ಲ.

2008ರ ಆಗಸ್ಟ್ 13ರಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಹೆಸರು ಉಳಿಸುವುದು, ಬದಲಾವಣೆ ತಿಳಿಸುವುದು ಅನುಮತಿಗೇ ಕಟ್ಟಿದ ಷರತ್ತುಗಳು. ಅವನ್ನು ಪಾಲಿಸದವನಿಗೆ ಅನುಮತಿಯೇ ಇಲ್ಲ. ಅನುಮತಿ ಇಲ್ಲದೆ ಪ್ರತಿ ಮಾಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂದಿತು. ಹಣ ಕೈಬದಲಾಗದಿದ್ದರೂ ಕೃತಿಕಾರನಿಗೆ ಸಿಗುವ ಹೆಸರು, ಬಳಕೆದಾರರು ಮೂಲ ಯೋಜನೆಯನ್ನು ಹುಡುಕಿಕೊಂಡು ಬಂದು ಅದನ್ನು ಸುಧಾರಿಸುವ ಸಾಧ್ಯತೆ, ಇವಕ್ಕೂ ಆರ್ಥಿಕ ಬೆಲೆಯಿದೆ ಎಂಬುದನ್ನೂ ಗುರುತಿಸಿತು. 2010ರ ಫೆಬ್ರುವರಿಯಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಪ್ರತಿವಾದಿಗಳು ಜೇಕಬ್‌ಸನ್‌ಗೆ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದರು.

ಈ ತೀರ್ಪು ಅಮೆರಿಕದ್ದು, ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದು. ಆದರೆ ಅದರ ತರ್ಕವನ್ನು ಯಾರಾದರೂ ಅರ್ಥಮಾಡಿಕೊಳ್ಳಬಹುದು.

ಹೆಸರಿನ ಸಾಲು ಜಾಸ್ತಿಯಾದರೆ

ಹೆಸರು ಕೇಳುವುದರಲ್ಲೂ ಮಿತಿ ಬೇಕು ಎಂಬುದಕ್ಕೆ ಬಿಎಸ್‌ಡಿ ಪರವಾನಗಿಯ ಇತಿಹಾಸವೇ ಪಾಠ. ಅದರ ಹಳೆಯ ರೂಪದಲ್ಲಿ ಒಂದು ಹೆಚ್ಚಿನ ಷರತ್ತಿತ್ತು. ಈ ತಂತ್ರಾಂಶದ ಗುಣಗಳನ್ನು ಹೇಳುವ ಪ್ರತಿಯೊಂದು ಜಾಹೀರಾತಿನಲ್ಲೂ ಬರ್ಕ್ಲಿ ವಿಶ್ವವಿದ್ಯಾಲಯವನ್ನು ನೆನೆಯುವ ಒಂದು ವಾಕ್ಯ ಇರಬೇಕು ಎಂದು. ಒಂದು ವಾಕ್ಯ ತಾನೆ? ಆದರೆ ಬೇರೆ ಲೇಖಕರೂ ಆ ಪರವಾನಗಿಯನ್ನು ತೆಗೆದುಕೊಂಡು ವಿಶ್ವವಿದ್ಯಾಲಯದ ಬದಲು ತಮ್ಮ ಹೆಸರು ಸೇರಿಸತೊಡಗಿದರು. 1997ರ ನೆಟ್‌ಬಿಎಸ್‌ಡಿ ಆವೃತ್ತಿಯೊಂದರಲ್ಲಿ ಸ್ಟಾಲ್‌ಮನ್ ಎಣಿಸಿದಾಗ ಇಂಥ 75 ವಾಕ್ಯಗಳು ಸಿಕ್ಕವು. ಒಂದು ಜಾಹೀರಾತಿನಲ್ಲಿ 75 ಕೃತಜ್ಞತಾ ವಾಕ್ಯ! 1999ರ ಜುಲೈನಲ್ಲಿ ವಿಶ್ವವಿದ್ಯಾಲಯ ತನ್ನ ಕೋಡಿಗೆ ಸಂಬಂಧಿಸಿದಂತೆ ಆ ಷರತ್ತನ್ನು ಕೈಬಿಟ್ಟಿತು. ಕೋಡಿನ ಜೊತೆ ಹೆಸರು ಹೋಗಬೇಕೆಂಬ ಮೂಲ ಷರತ್ತು ಮಾತ್ರ ಹಾಗೆಯೇ ಉಳಿಯಿತು.

ಮಾಡಬೇಕಾದ್ದು ಏನು?

ಬೇರೆಯವರ ಕೋಡನ್ನು ನಿಮ್ಮ ಗಂಟಿನಲ್ಲಿ ಸೇರಿಸುವಾಗ ಈ ಕ್ರಮ ಅನುಸರಿಸಿ.

1. ಸೇರಿಸುವ ಮೊದಲು ಪರವಾನಗಿ ಓದಿ. ಪರವಾನಗಿಯೇ ಇಲ್ಲದಿದ್ದರೆ ಕರ್ತೃವಿಗೆ ಬರೆದು ಕೇಳಿ, ಇಲ್ಲವೇ ಬಿಟ್ಟುಬಿಡಿ.

2. ಹೊರಗಿನ ಕೋಡನ್ನು ಪ್ರತ್ಯೇಕ ಕಡತಕೋಶದಲ್ಲಿ ಇಡಿ. ನಿಮ್ಮ ಸಾಲುಗಳ ನಡುವೆ ಕಲಸಿಬಿಟ್ಟರೆ ಆಮೇಲೆ ಬೇರ್ಪಡಿಸಲಾಗದು.

3. ತಲೆಯ ಮೇಲಿನ ಸಾಲುಗಳನ್ನು ಅಕ್ಷರವೂ ಬದಲಿಸದೆ ಉಳಿಸಿ. ಪರವಾನಗಿಯ ಪೂರ್ಣ ಪಾಠದ ಕಡತವನ್ನೂ ಜೊತೆಗಿಡಿ.

4. ಒಂದು ಪಟ್ಟಿ ಬರೆಯಿರಿ: ಹೆಸರು, ಆವೃತ್ತಿ ಸಂಖ್ಯೆ, ತಂದ ಸ್ಥಳ, ತಂದ ದಿನಾಂಕ, ಪರವಾನಗಿ, ನೀವು ಮಾಡಿದ ಬದಲಾವಣೆ.

5. ಓಡಿಸಬಲ್ಲ ಕಡತವನ್ನಷ್ಟೇ ಹಂಚುವುದಾದರೆ ಟಿಪ್ಪಣಿ ಸಾಲುಗಳು ಅದರೊಳಗೆ ಇರುವುದಿಲ್ಲ. ಆಗ ಅವನ್ನು ಕೈಪಿಡಿಯಲ್ಲೋ ಪರದೆಯ ಮೇಲಿನ ಒಂದು ಪುಟದಲ್ಲೋ ತೋರಿಸಬೇಕು. ಫೋನಿನ ಆ ಉದ್ದದ ಪಟ್ಟಿ ಇರುವುದು ಇದಕ್ಕಾಗಿಯೇ.

6. ಎರಡು ಪರವಾನಗಿಗಳು ಒಂದೇ ಗಂಟಿನಲ್ಲಿ ಹೊಂದುತ್ತವೆಯೇ ನೋಡಿ. ಜಿಪಿಎಲ್‌ನ ಎರಡನೆಯ ಆವೃತ್ತಿ ಮಾತ್ರ ಎಂದು ಬರೆದ ಕೋಡಿನ ಜೊತೆ ಅಪಾಚೆ 2.0 ಕೋಡನ್ನು ಬೆರೆಸಿ ಹಂಚುವಂತಿಲ್ಲ ಎಂಬುದು ಜಿಪಿಎಲ್ ರೂಪಿಸಿದ ಪ್ರತಿಷ್ಠಾನದ್ದೇ ಮಾತು. ಮೂರನೆಯ ಆವೃತ್ತಿಯೊಂದಿಗೆ ಬೆರೆಸಬಹುದು.

ನನ್ನ ಇಡೀ ತಂತ್ರಾಂಶ ಜಿಪಿಎಲ್ ಆದ್ದರಿಂದ ಒಳಗಿನ ಬಿಎಸ್‌ಡಿ ಸೂಚನೆಯನ್ನು ತೆಗೆದು ಜಿಪಿಎಲ್ ಎಂದು ಬರೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಬರೆಯಬಾರದು. 2007ರಲ್ಲಿ ನುರಿತವರೇ ಇಲ್ಲಿ ಎಡವಿದರು. ಅಥೆರಾಸ್ ನಿಸ್ತಂತು ಚಿಪ್‌ಗಳಿಗಾಗಿ ಓಪನ್‌ಬಿಎಸ್‌ಡಿಯವರು ಬರೆದ ಚಾಲಕ ತಂತ್ರಾಂಶವನ್ನು ಲಿನಕ್ಸ್‌ಗೆ ತರುವಾಗ ಮೂಲ ಪರವಾನಗಿಯ ಸಾಲುಗಳನ್ನು ತೆಗೆದು ಜಿಪಿಎಲ್ ಹಾಕಿದ ತಿದ್ದುಪಡಿಗಳು ಬಂದವು. ದೊಡ್ಡ ವಿವಾದವೇ ಆಯಿತು. ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅದೇ ವರ್ಷ ಮಾರ್ಗಸೂಚಿ ಬರೆಯಿತು. ಅದರ ಸಾರ ಸರಳ: ನಿಮ್ಮ ಸಾಲುಗಳಿಗೆ ನಿಮ್ಮ ಪರವಾನಗಿ ಸೇರಿಸಿ, ಹಳೆಯವರ ಸಾಲುಗಳ ಮೇಲಿನ ಹಳೆಯ ಸೂಚನೆಯನ್ನು ಮುಟ್ಟಬೇಡಿ.

ಪಟ್ಟಿಯ ಇನ್ನೊಂದು ಉಪಯೋಗ

ಇದೆಲ್ಲ ಬರಿಯ ಕಾನೂನಿನ ತಾಪತ್ರಯ ಎನಿಸಬಹುದು. ಹಾಗಲ್ಲ. 2002ರ ಮಾರ್ಚ್‌ನಲ್ಲಿ ಜಡ್‌ಲಿಬ್‌ನಲ್ಲಿ ಒಂದು ದೋಷ ಬೆಳಕಿಗೆ ಬಂತು. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಭಾಗವನ್ನೇ ಅದು ಕೆಲವು ಸಂದರ್ಭಗಳಲ್ಲಿ ಎರಡನೆಯ ಸಲ ಬಿಟ್ಟುಕೊಡುತ್ತಿತ್ತು. ಇದು ದುರುಪಯೋಗಕ್ಕೆ ದಾರಿ. ಮೂಲದಲ್ಲಿ ತಿದ್ದುವುದು ಕಷ್ಟವಾಗಲಿಲ್ಲ. ಆದರೆ ಅದರ ಪ್ರತಿಯನ್ನು ತಮ್ಮೊಳಗೆ ಇರಿಸಿಕೊಂಡ ತಂತ್ರಾಂಶಗಳನ್ನೆಲ್ಲ ಹುಡುಕಿ ಒಂದೊಂದನ್ನೂ ಬೇರೆ ಬೇರೆಯಾಗಿ ತಿದ್ದಬೇಕಾಯಿತು. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್4ಜೆ ದೋಷ ಬಯಲಾದಾಗ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ನಮ್ಮ ತಂತ್ರಾಂಶದಲ್ಲಿ ಲಾಗ್4ಜೆ ಇದೆಯೆ, ಯಾವ ಆವೃತ್ತಿ ಎಂಬುದೇ ಹಲವು ಸಂಸ್ಥೆಗಳಿಗೆ ತಿಳಿದಿರಲಿಲ್ಲ. ಗಂಟಿನೊಳಗೆ ಗಂಟು, ಅದರೊಳಗೆ ಇನ್ನೊಂದು ಗಂಟು.

ಮೇಲೆ ಹೇಳಿದ ಪಟ್ಟಿ ಇಟ್ಟುಕೊಂಡವರು ಮಾತ್ರ ಇಂಥ ಹೊತ್ತಿನಲ್ಲಿ ಬೇಗ ಉತ್ತರಿಸಬಲ್ಲರು. ಡೆಬಿಯನ್ ಲಿನಕ್ಸ್ ತನ್ನ ಪ್ರತಿ ಪ್ಯಾಕೇಜಿನೊಂದಿಗೂ ಕಾಪಿರೈಟ್ ಎಂಬ ಕಡತವನ್ನು ಕಡ್ಡಾಯ ಮಾಡಿದೆ. ಒಂದೇ ಕೋಡಿನ ಪ್ರತಿಗಳನ್ನು ಅಲ್ಲಲ್ಲಿ ಒಳಸೇರಿಸುವುದನ್ನೂ ಅದರ ನೀತಿ ಒಪ್ಪುವುದಿಲ್ಲ. ಯಂತ್ರಗಳೂ ಓದಬಲ್ಲ ಪಟ್ಟಿಗಾಗಿ ಎಸ್‌ಪಿಡಿಎಕ್ಸ್ ಎಂಬ ಪದ್ಧತಿ ಬೆಳೆದು, 2021ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಪ್ರತಿ ಪರವಾನಗಿಗೂ ಒಂದು ಚಿಕ್ಕ ಗುರುತಿದೆ. ಲಿನಕ್ಸ್‌ನ ಕರ್ನೆಲ್ ಕಡತಗಳಲ್ಲಿ 2017ರಿಂದ ಈ ಗುರುತುಗಳನ್ನು ಹಾಕುತ್ತ ಬಂದಿದ್ದಾರೆ. ಕೃತಜ್ಞತೆಗಾಗಿ ಬರೆದ ಹೆಸರೇ ಸುರಕ್ಷತೆಯ ದಾಖಲೆಯೂ ಆಗುತ್ತದೆ.

ತರಗತಿಯಲ್ಲಿ

ನನ್ನ ವಿದ್ಯಾರ್ಥಿಯ ವಿಷಯಕ್ಕೆ ಮರಳೋಣ. ಆತ ಕೆಟ್ಟ ಹುಡುಗನಲ್ಲ. ಪ್ರಬಂಧದ ಕೊನೆಯಲ್ಲಿ ಗ್ರಂಥಗಳ ಪಟ್ಟಿಯನ್ನು ತಪ್ಪಿಲ್ಲದೆ ಕೊಟ್ಟಿದ್ದ. ಕೋಡಿಗೂ ಹಾಗೆ ಮಾಡಬೇಕೆಂದು ನಾವು ಯಾರೂ ಅವನಿಗೆ ಹೇಳಿರಲಿಲ್ಲ. ತಪ್ಪು ನಮ್ಮದು. ಪರೀಕ್ಷೆ ಮುಗಿದ ಮೇಲೆ ಆತ ಮೂಲ ಕಡತವನ್ನು ಮತ್ತೆ ಹುಡುಕಿದ. ಎರಡು ದಿನ ಹಿಡಿಯಿತು, ಏಕೆಂದರೆ ಹುಡುಕಲು ಬೇಕಾದ ಹೆಸರನ್ನೇ ಅಳಿಸಿದ್ದ. ಸಿಕ್ಕ ಪರವಾನಗಿ ಬಿಎಸ್‌ಡಿ ಬಗೆಯದು. ಸಾಲುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಕೆಳಗೆ ತನ್ನ ಬದಲಾವಣೆಗಳನ್ನು ಬರೆದ. ಮುಂದಿನ ತಂಡದ ವಿದ್ಯಾರ್ಥಿಗಳು ಅದೇ ತಂತ್ರಾಂಶವನ್ನು ವೀಣೆಯ ನಾದಕ್ಕೆ ಅಳವಡಿಸಿಕೊಂಡರು. ಅವರ ಕಡತದಲ್ಲಿ ಈಗ ಮೂವರ ಹೆಸರಿದೆ.

ಪ್ರಾಜೆಕ್ಟ್ ವರದಿಯಲ್ಲಿ ಗ್ರಂಥಗಳ ಪಟ್ಟಿಯ ಪಕ್ಕದಲ್ಲಿ ಒಂದು ಪುಟವನ್ನು ಕೋಡಿನ ಆಕರಗಳಿಗೆ ಮೀಸಲಿಡುವಂತೆ ಅಧ್ಯಾಪಕರು ಹೇಳಬಹುದು. ಇದಕ್ಕೆ ಸುತ್ತೋಲೆ ಬೇಕಿಲ್ಲ, ಖರ್ಚಿಲ್ಲ. ಬಳಸಿದ್ದೇನು, ಬರೆದವರು ಯಾರು, ಯಾವ ಅನುಮತಿಯ ಮೇಲೆ, ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿಸಿದರೆ ಸಾಕು.